ಅವ್ವನ ಒದ್ದೆ ಸೊಪ್ಪು

ಮೊನ್ನೆ ಸಂಜೆ ಪಕ್ಕದ ಮನೆಯವರು ಸೊಳ್ಳೆಬತ್ತಿ ಹಚ್ಚಿದರು. ಹಚ್ಚಲಿ ಬಿಡಿ, ಅವರ ಮನೆ, ಅವರ ಸೊಳ್ಳೆ. ನಂಜನಗೂಡಿನಲ್ಲಿ ಹೊಳೆಗೆ ಹತ್ತಿರ ಮನೆ ಮಾಡಿಕೊಂಡವರಿಗೆ ಸೊಳ್ಳೆಯೇನು ಹೊಸದಲ್ಲ. ಆದರೆ ಆ ಹೊಗೆಯ ಒಂದು ಎಳೆ ನಮ್ಮ ಕಿಟಕಿಯಲ್ಲಿ ತೂರಿದ್ದೇ ತಡ, ಮಂಡಿನೋವು ಅಂತ ದೇವಸ್ಥಾನದ ಮೆಟ್ಟಿಲನ್ನೇ ಹತ್ತದ ನಾನು ಧಡಕ್ಕನೆ ಎದ್ದು ಓಡಿಹೋಗಿ ಕಿಟಕಿ ಹಾಕಿದೆ. ಒಲೆಯ ಮೇಲಿನ ಹಾಲು ಉಕ್ಕಿತು. ಅದನ್ನು ಯಾರು ಕೇಳಿದರು!

ಬಾಣಂತನಕ್ಕೆ ಬಂದಿರುವ ಮಗಳು ಚೈತ್ರ ತೊಟ್ಟಿಲು ತೂಗುತ್ತಾ ನಕ್ಕಳು. "ಅಮ್ಮಾ, ಇಲ್ಲೇನು ರೇಷ್ಮೆ ಹುಳ ಸಾಕಿದ್ದೀಯಾ? ಹಾಗೆ ಓಡ್ತೀಯಲ್ಲ." ನಾನೂ ನಕ್ಕೆ. ಮಾತು ಬಂದಾಗಿನಿಂದ ಅವಳು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೀತಿಯಲ್ಲಿ ಕೇಳಿದ್ದಾಳೆ, ನಾನೂ ಅಷ್ಟೇ ವರ್ಷದಿಂದ ನಕ್ಕಿದ್ದೇನೆ. ಶಾಲೆಯಲ್ಲಿ ಟೀಚರಾಗಿ ಸಾವಿರಾರು ಮಕ್ಕಳಿಗೆ "ನಿಜ ಹೇಳಿದರೆ ಹೊಡೆಯೋದಿಲ್ಲ" ಎಂದು ಬುದ್ಧಿ ಹೇಳಿದವಳು ನಾನು. ನನ್ನ ಮಗಳಿಗೆ ಮಾತ್ರ ಒಂದು ನಿಜವನ್ನು ಹೇಳದೆ ರಿಟೈರೂ ಆಗಿಬಿಟ್ಟೆ. ಆ ನಿಜ ನನ್ನದಲ್ಲ, ನಮ್ಮವ್ವನದು. ಇವತ್ತು ನಿಮ್ಮೆದುರು ಹೇಳಿಬಿಡುತ್ತೇನೆ, ಕೂತುಕೊಳ್ಳಿ.

ನಮ್ಮವ್ವ ಗೌರಮ್ಮ ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ಸಾಕುತ್ತಿದ್ದಳು ಅಂದರೆ ಅದು ಕಡಿಮೆಯಾಯಿತು. ಹುಳ ಮನೆಗೆ ಬಂದ ದಿನದಿಂದ ಗೂಡು ಕಟ್ಟುವ ದಿನದವರೆಗೆ ನಮ್ಮ ಮನೆ ನಮ್ಮದಾಗಿರುತ್ತಿರಲಿಲ್ಲ, ಹುಳದ್ದಾಗಿರುತ್ತಿತ್ತು. ನಾವು ಬಾಡಿಗೆಗಿದ್ದವರ ಹಾಗೆ ಮೂಲೆಯಲ್ಲಿ ಮುದುರಿಕೊಂಡಿರಬೇಕು. ನಡುಮನೆಯ ಪಕ್ಕದ ದೊಡ್ಡ ಕೋಣೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದವು. ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ನಾಲ್ಕೂ ಕಾಲು ನೀರು ತುಂಬಿದ ಬಟ್ಟಲಲ್ಲಿ. ಮೇಲೆ ಕಂಬಕ್ಕೆ ಅವ್ವ ಎಳೆದ ಮೂರು ಬೆರಳಿನ ವಿಭೂತಿ. ಒಳಗೆ ಕಾಲಿಡುವ ಮುನ್ನ ಕೈಕಾಲು ತೊಳೆಯಬೇಕು, ಮೆತ್ತಗೆ ಮಾತಾಡಬೇಕು.

ಇನ್ನು ವಾಸನೆಯ ಸಂಗತಿ. ಹುಳಕ್ಕೆ ಹೊಗೆ ಆಗದು, ಘಾಟು ಆಗದು, ಪೌಡರು ಸೆಂಟು ಯಾವುದೂ ಆಗದು. ಆ ತಿಂಗಳೊಪ್ಪತ್ತು ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಇಲ್ಲ. ಅಪ್ಪ ಬೀಡಿ ಸೇದಬೇಕೆಂದರೆ ಊರಾಚೆ ನಾಲೆ ಏರಿಗೆ ಹೋಗಿ ಸೇದಿ, ಅಲ್ಲೇ ಮುಳುಗಿ, ಒದ್ದೆ ಪಂಚೆಯಲ್ಲಿ ಬರಬೇಕು. ಕಾಲೇಜಿಗೆ ಹೋಗುವಾಗ ನಾನು ಮುಖಕ್ಕೆ ಪೌಡರನ್ನು ಹಾಕಿಕೊಳ್ಳುತ್ತಿದ್ದದ್ದು ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ, ಗೆಳತಿಯ ಕನ್ನಡಿ ನೋಡಿಕೊಂಡು. ದೇವರಿಗೂ ವಿನಾಯಿತಿ ಇರಲಿಲ್ಲ. ಊದುಬತ್ತಿ ಇಲ್ಲದೆ ಪೂಜೆ ಮಾಡುತ್ತೀಯಲ್ಲ ಅವ್ವಾ ಎಂದು ಒಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು ನನಗಿನ್ನೂ ನೆನಪಿದೆ. "ನಂಜುಂಡಪ್ಪ ಇಸಾನೇ ಕುಡ್ದು ಅರಗಿಸ್ಕೊಂಡೋನು. ಒಂದು ತಿಂಗ್ಳು ಧೂಪ ಇಲ್ದೆ ಇರಾಕಿಲ್ವಾ?"

ಹುಳದ ಮಟ್ಟಿಗೆ ಅವ್ವನ ಮಾತೇ ಊರಿಗೆ ಕೊನೆಯ ಮಾತು. ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಪೊರೆ ಬಿಡುವ ಆ ಹೊತ್ತನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳ ತಿನ್ನುವುದಿದೆಯಲ್ಲ, ನೀವು ಕೇಳಬೇಕು! ಇಡೀ ಕೋಣೆಯಲ್ಲಿ ಹಂಚಿನ ಮೇಲೆ ಸೋನೆ ಹಿಡಿದ ಹಾಗೆ ಸದ್ದು. ಅವ್ವ ಆ ಸದ್ದನ್ನು ಬೀದಿಯಲ್ಲಿ ನಿಂತು ಕೇಳಿಯೇ "ಸೊಪ್ಪು ಸಾಲ್ದು, ಇನ್ನೊಂದು ಒರೆ ತನ್ನಿ" ಎನ್ನುತ್ತಿದ್ದಳು. ಹುಳ ಹಣ್ಣಾಯಿತೋ ಇಲ್ಲವೋ, ಅಂದರೆ ಗೂಡು ಕಟ್ಟಲು ಸಿದ್ಧವಾಯಿತೋ ಇಲ್ಲವೋ ಎಂದು ನೋಡಲು ಹತ್ತು ಮನೆಯವರು ಅವಳನ್ನು ಕರೆಯುತ್ತಿದ್ದರು. ಅವಳು ಒಂದು ಹುಳವನ್ನು ಬೆಳಕಿಗೆ ಹಿಡಿದು ನೋಡಿ "ನಾಳೀಕೆ" ಎಂದರೆ ನಾಳೆಗೇ. ಅವಳ ಒಂದು ಬೆಳೆಯೂ ಅಲ್ಲಿಯವರೆಗೆ ಕೆಟ್ಟಿರಲಿಲ್ಲ.

ಅವಳಿಗೆ ಕಣ್ಣಲ್ಲಿ ಕಂಡರೆ ಆಗದಿದ್ದದ್ದು ಒದ್ದೆ ಸೊಪ್ಪು. ಮಳೆಯಲ್ಲಿ ಕೊಯ್ದ ಹಿಪ್ಪುನೇರಳೆ ಸೊಪ್ಪನ್ನು ಹಾಗೇ ಹಾಕಿದರೆ ಹುಳಕ್ಕೆ ರೋಗ ಬರುತ್ತದೆ. ಮಳೆಗಾಲದಲ್ಲಿ ಅವ್ವ ಜಗುಲಿಯ ಮೇಲೆ ಕೂತು ಒಂದೊಂದೇ ಎಲೆಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಬೇರೆ ಮನೆಯಲ್ಲಿ ಯಾರಾದರೂ ಒದ್ದೆ ಸೊಪ್ಪು ಹಾಕಿದ್ದು ಕಂಡರೆ ಅವರ ಗ್ರಹಚಾರ ನೆಟ್ಟಗಿಲ್ಲವೆಂದೇ ಲೆಕ್ಕ. "ನಿನ್ ಮಕ್ಕಳಿಗೆ ಅಳಸಿದ್ದನ್ನ ಇಕ್ತೀಯೇನೇ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು.

ನನಗೆ ಮದುವೆಯಾಗಿ ನಂಜನಗೂಡಿಗೆ ಬಂದು ಎರಡು ವರ್ಷಕ್ಕೆ ಚೈತ್ರ ಹುಟ್ಟಿದಳು. ಬಾಣಂತನಕ್ಕೆ ಹೆಮ್ಮಿಗೆಗೆ ಹೋದೆ. ಅದೇ ಸಮಯಕ್ಕೆ ಹುಳವೂ ಬಂದಿತ್ತು. ಮನೆಯಲ್ಲಿ ಎರಡು ಕಡೆ ಬಾಣಂತನ, ನಡುವೆ ಅವ್ವ ಒಬ್ಬಳೇ. ಕೂಸಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡಬೇಕಲ್ಲ? ಮನೆಯಲ್ಲಿ ಕೊಡುವಂತಿಲ್ಲ. ಅದಕ್ಕೆ ಅವ್ವ ದಿನಾ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬೀದಿಯ ಕೊನೆಯ ಪುಟ್ಟತಾಯಮ್ಮನ ಮನೆಗೆ ಹೋಗಿ ಧೂಪ ಕೊಡಿಸಿ, ಹೊಗೆಯ ವಾಸನೆ ಹೋಗುವವರೆಗೆ ಹೊರಗೇ ಅಡ್ಡಾಡಿಸಿ ತರುತ್ತಿದ್ದಳು. ಪುಟ್ಟತಾಯಮ್ಮನೂ ಹುಳ ಸಾಕುವವಳೇ, ಆ ಸಲ ಮಾತ್ರ ಅವಳ ಮನೆಗೆ ಹುಳ ಬರುವುದು ತಡವಾಗಿತ್ತು. ಅವಳ ಬಾಯಿಗೆ ಇಡೀ ಊರು ಹೆದರುತ್ತಿತ್ತು. ಯಾರ ಮನೆಯ ಸೊಸೆ ಕಾಲಿಟ್ಟ ಗಳಿಗೆಯಲ್ಲಿ ಏನು ಮುರಿದುಬಿತ್ತು ಅನ್ನುವುದೆಲ್ಲ ಅವಳಿಗೆ ಬಾಯಿಪಾಠ.

ಹುಳ ನಾಲ್ಕನೇ ಜ್ವರ ಬಿಟ್ಟೆದ್ದು ಎರಡು ದಿನವಾಗಿತ್ತು. ನಾಲೆಯ ನೀರಿನ ಊರು, ಸುತ್ತಲೂ ಗದ್ದೆ. ಸೊಳ್ಳೆಗೇನು ಬರವೇ? ಅವತ್ತು ಚೈತ್ರಳ ಮುಖದ ಮೇಲೆ ಏಳು ಕಡೆ ಕೆಂಪಗೆ ಕಚ್ಚಿತ್ತು, ಮಧ್ಯಾಹ್ನದಿಂದ ಒಂದೇ ಸಮನೆ ಅಳು. ಹಿಂದಿನ ಭಾನುವಾರ ಬಂದಿದ್ದ ನನ್ನ ಯಜಮಾನರು ಕೂಸಿನ ಬಟ್ಟೆಯ ಜೊತೆ ಒಂದು ಸೊಳ್ಳೆಬತ್ತಿಯ ಡಬ್ಬಿಯನ್ನೂ ತಂದಿಟ್ಟಿದ್ದರು. ನಾನದನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೆ. ಅವ್ವ, ಅಪ್ಪ ಇಬ್ಬರೂ ಸೊಪ್ಪಿಗೆ ಹೋಗಿದ್ದರು. ನಾನು ನನ್ನ ಕೋಣೆಯ ಬಾಗಿಲು ಹಾಕಿದೆ. ಸಂದಿಗೆ ಸೀರೆ ತುರುಕಿದೆ. ಮಂಚದ ಕೆಳಗೆ ಬತ್ತಿ ಹಚ್ಚಿಟ್ಟೆ. ಒಂದು ಗಳಿಗೆ ಮಾತ್ರ, ಕೂಸು ಮಲಗುವವರೆಗೆ, ಅಷ್ಟೇ ಅಂದುಕೊಂಡೆ. ಬಾಗಿಲು ಭದ್ರವಾಗಿದೆಯಲ್ಲ ಎಂದು ಧೈರ್ಯವೂ ಇತ್ತು.

ಅದು ಹಂಚಿನ ಮನೆ ಕಣ್ರೀ. ಕೋಣೆಯ ಗೋಡೆಗಳು ಮಾಡಿನವರೆಗೆ ಹೋಗುವುದಿಲ್ಲ. ಆಳೆತ್ತರಕ್ಕೆ ನಿಂತುಬಿಡುತ್ತವೆ, ಮೇಲೆಲ್ಲ ಒಂದೇ ಬಯಲು. ಚಿಕ್ಕಂದಿನಲ್ಲಿ ನಾನು ಈ ಕೋಣೆಯಿಂದ ಆ ಕೋಣೆಗೆ ಗೋಡೆಯ ಮೇಲಿಂದ ಚೆಂಡು ಎಸೆದು ಆಡಿದವಳು, ಮಲಗಿದಲ್ಲಿಂದಲೇ ಆಚೆ ಕೋಣೆಯ ಅವ್ವನ ಜೊತೆ ಹರಟಿದವಳು. ಎರಡೇ ಎರಡು ವರ್ಷ ನಂಜನಗೂಡಿನ ತಾರಸಿ ಮನೆಯಲ್ಲಿ ಬಾಗಿಲು ಹಾಕಿದರೆ ಕೋಣೆ ಮುಚ್ಚುತ್ತದೆ ಅನ್ನುವುದನ್ನು ರೂಢಿ ಮಾಡಿಕೊಂಡು, ಹುಟ್ಟಿದ ಮನೆಯ ಗೋಡೆ ಎಷ್ಟೆತ್ತರ ಅನ್ನುವುದನ್ನೇ ಮರೆತಿದ್ದೆ. ಹೊಗೆ ಮೇಲೆ ಹೋಯಿತು. ಗೋಡೆ ದಾಟಿತು. ನಾನು ಕೂಸಿನ ಪಕ್ಕ ಹಾಯಾಗಿ ಜೋಂಪು ಹತ್ತಿ ಮಲಗಿದ್ದೆ.

ಎಚ್ಚರವಾದದ್ದು ಸೊಪ್ಪಿನ ಹೊರೆ ದೊಪ್ಪನೆ ಬಿದ್ದ ಸದ್ದಿಗೆ. ಅವ್ವ ಬಾಗಿಲು ತಳ್ಳಿಕೊಂಡು ಬಂದಳು. ಉರಿಯುತ್ತಿದ್ದ ಬತ್ತಿಯನ್ನು ಬರಿಗೈಯಲ್ಲಿ ಹಿಡಿದು ಚೊಂಬಿನ ನೀರಿನಲ್ಲಿ ಅದ್ದಿದಳು. ನಿಮಗೆ ಒಂದು ಮಾತು ಹೇಳುತ್ತೇನೆ, ಅವಳು ಆಗ ಹುಳದ ಕೋಣೆಗೆ ಓಡಲಿಲ್ಲ. ಮೊದಲು ಕೂಸಿನ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿದಳು. ಆಮೇಲೆ ಹುಳದ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಅಲ್ಲಿ ಸೋನೆಯ ಸದ್ದಿರಲಿಲ್ಲ.

ಹುಳಗಳು ತಲೆಯೆತ್ತಿ ಅತ್ತ ಇತ್ತ ತೂಗುತ್ತಿದ್ದವು. ಬಾಯಲ್ಲಿ ಹಸಿರು ನೀರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದೆ. ಅವ್ವ ಹಂಚು ಸರಿಸಿ ಗಾಳಿಗೆ ದಾರಿ ಮಾಡಿದಳು, ಮೊರದಲ್ಲಿ ಬೀಸಿದಳು, ಕೆಲವು ತಟ್ಟೆಗಳನ್ನು ಹೊರಗಿನ ಜಗುಲಿಗೆ ತಂದಿಟ್ಟಳು. ಏನೂ ಪ್ರಯೋಜನವಾಗಲಿಲ್ಲ. ಬೆಳಗಾಗುವ ಹೊತ್ತಿಗೆ ತಟ್ಟೆ ತಟ್ಟೆಯೂ ನಿಶ್ಶಬ್ದ.

ಅವ್ವ ಎದ್ದು, ಉಳಿದಿದ್ದ ಸೊಪ್ಪಿನ ಹೊರೆ ಬಿಚ್ಚಿ, ಅದರ ಮೇಲೆ ಎರಡು ಕೊಡ ನೀರು ಸುರಿದಳು. ತೊಟ್ಟಿಕ್ಕುವ ಆ ಸೊಪ್ಪನ್ನು ತಂದು ಸತ್ತ ಹುಳದ ಮೇಲೆ ಹರಡಿದಳು. ನಾನು ದಂಗಾಗಿ ನೋಡುತ್ತಿದ್ದೆ. ಇದೇನವ್ವಾ ಅಂದೆ.

"ಯಾರ್ ಕೇಳುದ್ರೂವೆ, ಒದ್ದೆ ಸೊಪ್ಪು ಆಕ್ಬುಟ್ಳು ನಮ್ಮವ್ವ ಅನ್ನು. ತಿಳೀತಾ?"

"ನಾನು ಮಾಡಿದ್ದು ನಾನೇ ಹೇಳ್ತೀನಿ ಅವ್ವಾ."

"ನೀನು ಬತ್ತಿ ಅಚ್ಚಿದ್ದು ಯಾಕೆ ಅಂತಾರೆ? ಕೂಸಿಗೆ ಅಂತಾರೆ. ಆಮೇಲೆ ಜನ ನಿನ್ನ ಮರೀತಾರೆ, ಬತ್ತಿನೂ ಮರೀತಾರೆ. ಕೂಸು ಬಂತು, ಬೆಳೆ ಸತ್ತೋಯ್ತು ಅನ್ನೋದು ಉಳ್ಕೊತದೆ. ಎಣ್ಣು ಕೂಸು ಕಣವ್ವಾ. ಕಾಲ್ಗುಣ ಅಂದ್ಬುಟ್ರೆ ಮುಗೀತು."

ಆಮೇಲೆ ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ, ನಾನು ಇಪ್ಪತ್ತೆಂಟು ವರ್ಷ ಮಗಳಾಗಿದ್ದರೂ ಕೇಳಿರದ ಮಾತೊಂದನ್ನು ಹೇಳಿದಳು. ಹೊಳೆಯಾಚೆಯ ಊರಿನಲ್ಲಿ ಅವಳು ಹುಟ್ಟಿದ ದಿನ ಮನೆಯ ಎತ್ತು ಸತ್ತಿತಂತೆ. ಅದಕ್ಕೆ ಏನು ಕಾಯಿಲೆಯಿತ್ತೋ ಯಾರು ಕಂಡರು. ಅವತ್ತಿನಿಂದ ಊರಿನವರ ಬಾಯಲ್ಲಿ ಅವಳು ಎತ್ತು ನುಂಗಿದವಳು. ಬಿತ್ತನೆಗೆ ಹೊರಟವರು ಅವಳು ಎದುರಾದರೆ ನಿಂತು ಹೋಗುತ್ತಿದ್ದರು. ಅವಳ ಸ್ವಂತ ಅವ್ವ ಕೂಡ ಹಬ್ಬದ ದಿನ ಅವಳನ್ನು ಕೊಟ್ಟಿಗೆಯ ಕಡೆಗೆ ಬಿಡುತ್ತಿರಲಿಲ್ಲ. "ಗೌರಿ ಅಂತ ಎಸ್ರಿಟ್ಟಿದ್ರು. ಯಾರೂ ಕರೀಲಿಲ್ಲ. ಲಗ್ನ ಆಗಿ ಈ ಊರ್ಗೆ ಬಂದ್ಮೇಲೇ ನಾನು ಗೌರಿ ಆಗಿದ್ದು." ಅಷ್ಟು ಹೇಳಿ ಎದ್ದು ಒಲೆ ಹಚ್ಚಲು ಹೋದಳು. ಅವ್ವ ಯಾಕೆ ತವರಿಗೆ ಹೋಗುವುದಿಲ್ಲ ಎಂದು ನಾನು ಒಂದು ದಿನವೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಲು ಅಲ್ಲೇ ಉಳಿದಿದ್ದ ಅಪ್ಪ ಬೆಳಿಗ್ಗೆ ಬಂದು ಕೂಗಾಡಿದ. "ಥೂ, ನಿನ್ ಬುದ್ದಿಗೆ ಮಂಕು ಬಡ್ದಿತ್ತೇನೆ? ಊರ್ಗೆಲ್ಲ ಯೋಳೋಳು ನೀನೇ ಒದ್ದೆ ಸೊಪ್ಪು ಆಕ್ದಾ?" ಅವ್ವ ತಲೆ ತಗ್ಗಿಸಿ ನಿಂತಳು. ಯಾರೆದುರೂ ತಗ್ಗದ ತಲೆ ಅದು. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು, ಮೂರಡಿ ದೂರದಲ್ಲಿ, ತುಟಿ ಹೊಲಿದವಳ ಹಾಗೆ ಕೂತಿದ್ದೆ. ನನ್ನ ಬದುಕಿನಲ್ಲಿ ನಾನು ಅಷ್ಟು ಚಿಕ್ಕವಳಾಗಿ ಕಂಡ ದಿನ ಮತ್ತೊಂದಿಲ್ಲ.

ಸುದ್ದಿ ತಿಳಿದು ಏಳೆಂಟು ಜನ ಹೆಂಗಸರು ನೋಡಲು ಬಂದರು. ಮುಂದೆ ಪುಟ್ಟತಾಯಮ್ಮ. ಅವಳು ಒದ್ದೆ ಸೊಪ್ಪನ್ನು ಸರಿಸಿ, ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು, ಮೂಸಿದಳು. ನನ್ನನ್ನು ನೋಡಿದಳು, ಕೂಸನ್ನು ನೋಡಿದಳು, ಅವ್ವನನ್ನು ನೋಡಿದಳು. ಕೊನೆಗೆ ಎಲ್ಲರಿಗೂ ಕೇಳುವ ಹಾಗೆ, "ಒದ್ದೆ ಸೊಪ್ಪೇ ಕಣ್ರವ್ವಾ. ನೋಡುದ್ರೆ ಗೊತ್ತಾಗಾಕಿಲ್ವಾ?" ಎಂದಳು. ಹಿಂದಿದ್ದವರೆಲ್ಲ ಹೂಂ ಹೂಂ ಎಂದರು. ನನಗೆ ಹೋದ ಜೀವ ಬಂತು. ಪುಟ್ಟತಾಯಮ್ಮನಂಥವಳಿಗೇ ಟೋಪಿ ಹಾಕಿದೆವಲ್ಲ ಅಂದುಕೊಂಡೆ. ಪೆದ್ದಿ ನಾನು.

ಆಮೇಲಿನ ವರ್ಷಗಳಲ್ಲಿ ಹೆಮ್ಮಿಗೆಯ ಗಂಡಸರು ಅವ್ವನನ್ನು ಸುಮ್ಮನೆ ಬಿಡಲಿಲ್ಲ. ಎರಡು ಹನಿ ಮಳೆ ಬಿದ್ದರೆ ಸಾಕು, ಟೀ ಅಂಗಡಿಯ ಬೆಂಚಿನಿಂದ "ಗೌರವ್ವಾ, ಸೊಪ್ಪು ನೆಂದದಾ?" ಎಂದು ಕೂಗುವರು. ಅವಳ ಬೆನ್ನ ಹಿಂದೆ ಒದ್ದೆಸೊಪ್ಪಿನ ಗೌರಮ್ಮ ಎಂದೇ ಹೆಸರಾಯಿತು. ಒಂದು ಹೆಸರಿನಿಂದ ತಪ್ಪಿಸಿಕೊಂಡು ಹೊಳೆ ದಾಟಿ ಬಂದವಳು, ಇನ್ನೊಂದನ್ನು ತಾನೇ ಕರೆದು ಮೈಮೇಲೆ ಹಾಕಿಕೊಂಡಿದ್ದಳು. ಅವರು ಕೂಗಿದರೆ ಅವಳು "ನೆಂದದೆ ಕಣ್ಲಾ, ನಿಮ್ಮ ಬೀಡಿ ನೋಡ್ಕಳಿ" ಎಂದು ನಗುತ್ತಲೇ ಹೋಗುವಳು. ಆದರೆ ವಿಚಿತ್ರ ನೋಡಿ, ಹೆಂಗಸರು ಮಾತ್ರ ಮೊದಲಿನಂತೆ ಅವಳನ್ನೇ ಕರೆಯುತ್ತಿದ್ದರು. ಪುಟ್ಟತಾಯಮ್ಮನಂತೂ ಅವಳನ್ನು ಕೇಳದೆ ಒಂದು ಹುಳ ಮುಟ್ಟುತ್ತಿರಲಿಲ್ಲ. ಪಾಪ, ಒಳ್ಳೆಯವರು, ಕ್ಷಮಿಸಿದ್ದಾರೆ ಎಂದು ನಾನು ತಿಳಿದಿದ್ದೆ.

ಮುಂದಿನ ಬೆಳೆಗೆ ಹುಳ ತರುವ ಮುನ್ನ ಅವ್ವ ನಂಜನಗೂಡಿಗೆ ಹೇಳಿ ಕಳಿಸಿ ನನ್ನನ್ನೂ ಕೂಸನ್ನೂ ಕರೆಸಿಕೊಂಡಳು. ಚೈತ್ರಳ ಪಾದ ತೊಳೆದು, ಒರೆಸಿ, ಹುಳದ ಮೊಟ್ಟೆ ಅಂಟಿಸಿ ಕೊಡುವ ಹಾಳೆಯ ಅಂಚಿಗೆ ಮೆಲ್ಲಗೆ ಮುಟ್ಟಿಸಿದಳು. ಬೆಳೆ ಚಿನ್ನದಂಥ ಗೂಡು ಕೊಟ್ಟಿತು. ಕೊಡದೆ ಏನು, ಅವ್ವ ಆ ಸಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು! ಆದರೆ ಊರಿಗೆಲ್ಲ ಹೇಳಿದ್ದು ಒಂದೇ ಮಾತು. "ನನ್ ಕೈಯಾಗೆ ಏನದೆ? ನನ್ ಮೊಮ್ಮಗಳ ಕಾಲ್ಗುಣ." ಅದಾದ ಮೇಲೆ ಪುಟ್ಟತಾಯಮ್ಮ ಬಂದು, ನಮ್ಮನೆ ಮೊಟ್ಟೆಗೂ ಕೂಸಿನ ಕಾಲು ಮುಟ್ಟಿಸು ಅಂದಳು. ಅವಳ ಹಿಂದೆ ಮತ್ತೊಬ್ಬಳು. ಚೈತ್ರ ಶಾಲೆಗೆ ಹೋಗುವ ವಯಸ್ಸಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಅಜ್ಜಿಯ ಊರಿನ ಬಸ್ಸು ಹತ್ತಿ ಹೋಗಿ, ಮಹಾರಾಣಿಯ ಹಾಗೆ ಮನೆ ಮನೆಯಲ್ಲಿ ಪಾದ ಮುಟ್ಟಿಸಿ, ಕೊಬ್ಬರಿ ಬೆಲ್ಲ ತಿಂದು ಬರುತ್ತಿದ್ದಳು. ಅವಳ ಜಂಬ ಕೇಳಬೇಡಿ. ಈಗ ಇಲ್ಲೇ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಹೊಸ ಮೆಷಿನ್ನು ಬಂದರೆ ಮೊದಲು ತಾನೇ ಒಳಗೆ ಹೋಗಬೇಕಂತೆ, ಕಾಲ್ಗುಣ ಒಳ್ಳೆಯದಂತೆ!

ಅವ್ವ ಹೋಗಿ ಮೂರು ವರ್ಷವಾಯಿತು. ಅಪ್ಪ ಅವಳಿಗಿಂತ ಮುಂಚೆಯೇ ಹೋಗಿದ್ದ. ಕೊನೆಯವರೆಗೂ ಅವಳು ಆ ಮಾತು ಎತ್ತಲಿಲ್ಲ, ನನಗೆ ಎತ್ತುವ ಧೈರ್ಯ ಬರಲಿಲ್ಲ.

ನಾನು ಕಿಟಕಿಗೆ ಓಡಿದ ಸಂಜೆ ಹೇಳಿದೆನಲ್ಲ, ಅದರ ಮಾರನೆಯ ದಿನ ಪುಟ್ಟತಾಯಮ್ಮ ಹೆಮ್ಮಿಗೆಯಿಂದ ಕೂಸನ್ನು ನೋಡಲು ಬಂದಳು. ಎಂಬತ್ತು ದಾಟಿದೆ, ಕಣ್ಣು ಮಸುಕು, ಬಾಯಿ ಮಾತ್ರ ಹಾಗೇ ಇದೆ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಚೈತ್ರ ಹಿಂದಿನ ಸಂಜೆಯ ನನ್ನ ಓಟವನ್ನು ನಟಿಸಿ ತೋರಿಸಿ, ಮಾತಿಗೆ ಮಾತು ಬಂದು, "ಅಷ್ಟೆಲ್ಲ ನೇಮ ಮಾಡೋ ನಮ್ಮಜ್ಜಿನೇ ಒಂದ್ಸಲ ಒದ್ದೆ ಸೊಪ್ಪು ಹಾಕಿ ಇಡೀ ಬೆಳೆ ಕೆಡಿಸಿದ್ರಂತೆ, ಅಲ್ವಾ ಅಜ್ಜಿ?" ಎಂದು ನಕ್ಕಳು.

ಪ್ರೀತಿಯಿಂದಲೇ ನಕ್ಕದ್ದು. ಆದರೂ ನನಗೆ ತಡೆಯಲಾಗಲಿಲ್ಲ. ಯಾರಿಗಾಗಿ ಅವ್ವ ತಲೆ ತಗ್ಗಿಸಿದ್ದಳೋ ಅವಳೇ ನಗುತ್ತಿದ್ದಾಳಲ್ಲ ಅನ್ನಿಸಿತು. "ಒದ್ದೆ ಸೊಪ್ಪಲ್ಲ ಚೈತ್ರ. ಬತ್ತಿ ಹಚ್ಚಿದವಳು ನಾನು" ಎಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲ ಬಂತು. ಗೋಡೆ, ಹೊಗೆ, ನೀರು ಸುರಿದದ್ದು, ಎತ್ತು. ಹೇಳುತ್ತಾ ಹೇಳುತ್ತಾ ಪುಟ್ಟತಾಯಮ್ಮನ ಕಡೆ ನೋಡಲು ಹೆದರಿಕೆಯಾಗುತ್ತಿತ್ತು. ಅವಳಿಗೆ ಸುಳ್ಳು ಹೇಳಿ ಮೂವತ್ತೆರಡು ವರ್ಷವಾಗಿತ್ತಲ್ಲ.

ಅವಳು ಕೂಸಿನ ಕಡೆಯಿಂದ ಕಣ್ಣೆತ್ತಲೂ ಇಲ್ಲ. "ಗೊತ್ತು ಕಣವ್ವಾ" ಎಂದಳು.

"ಏನು ಗೊತ್ತು?"

"ಒದ್ದೆ ಸೊಪ್ಪು ತಿಂದ ಉಳ ಮೆತ್ತಗಾಯ್ತದೆ, ಕಪ್ಪಾಯ್ತದೆ, ಗಬ್ಬು ನಾರ್ತದೆ. ಅದೂ ಒಂದೇ ದಿನಕ್ಕೆ ಸಾಯಾಕಿಲ್ಲ. ನಿಮ್ಮನೇವು ತಲೆ ಎತ್ಕೊಂಡು ಅಸ್ರು ಕಕ್ಕೊಂಡು ಸತ್ತಿದ್ವು. ಒಗೆ ಕುಡ್ದಿದ್ವು. ಉಳ ಸಾಕೋರು ನಾವು, ನಮ್ಗೆ ಅಷ್ಟೂ ಕಾಣಾಕಿಲ್ವಾ?"

"ಮತ್ತೆ ಒದ್ದೆ ಸೊಪ್ಪೇ ಅಂದ್ಯಲ್ಲ ನೀನು!"

"ನಿಮ್ಮವ್ವ ನನ್ ಮೊಕ ನೋಡುದ್ಲು. ಕೂಸು ನಿನ್ ಮಡ್ಲಾಗಿತ್ತು. ಆಮ್ಯಾಕೆ ಕೇಳೋದೇನದೆ? ಬಂದಿದ್ ಏಳೆಂಟು ಎಂಗುಸ್ರಿಗೂ ಗೊತ್ತಿತ್ತು. ಒಬ್ಬಳಾರ ಬಾಯ್ಬುಟ್ಳಾ?"

ಯಾರ ಬಾಯಿಗೆ ಹೆದರಿ ಅವ್ವ ಆ ಸುಳ್ಳು ಕಟ್ಟಿದ್ದಳೋ ಆ ಬಾಯೇ ಅದನ್ನು ಕಾದಿತ್ತು. ಅವರಲ್ಲಿ ಎಷ್ಟೋ ಜನ ಈಗಿಲ್ಲ. ಅವರು ಸತ್ತೂ ಹೋದರು, ಮಾತು ಹೊರಗೆ ಬರಲಿಲ್ಲ. ಇಂಥವರ ನಡುವೆ ಹುಟ್ಟಿ ಬೆಳೆದು, ಓದಿದವಳೆಂಬ ಜಂಬದಲ್ಲಿ ಅವರಿಗೆ ಟೋಪಿ ಹಾಕಿದೆನೆಂದು ತಿಳಿದಿದ್ದೆನಲ್ಲ!

ಚೈತ್ರಳ ಮುಖ ಸಣ್ಣದಾಗಿತ್ತು. ಚಾಪೆಯ ಮೇಲೆ ಚಾಚಿದ್ದ ಪಾದಗಳನ್ನು ಒಳಗೆಳೆದುಕೊಂಡಳು. "ಹಾಗಾದ್ರೆ ನನ್ನ ಕಾಲು?" ಎಂದು ಕೇಳಿದಳು. ನಾನು ಇಷ್ಟು ವರ್ಷ ಹೆದರಿದ್ದು ಈ ಪ್ರಶ್ನೆಗೇ.

"ನಿನ್ ಕಾಲ್ನ ನಿಮ್ಮಜ್ಜಿ ಮಾಡುದ್ಲು ಕಣವ್ವಾ" ಎಂದಳು ಪುಟ್ಟತಾಯಮ್ಮ. "ನಾವೂ ಒಂದೊಂದು ಕೈ ಆಕುದ್ವು." ಎಂದವಳೇ ಮಸುಕುಗಣ್ಣಿನಲ್ಲೇ ತಡಕಾಡಿ ಚೈತ್ರಳ ಪಾದ ಹಿಡಿದು, ತನ್ನ ಮಡಿಲಿನ ಕೂಸಿನ ತಲೆಗೆ ಮೆಲ್ಲಗೆ ಮುಟ್ಟಿಸಿದಳು. ಚೈತ್ರ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಪುಟ್ಟತಾಯಮ್ಮ "ಕಾಪಿ ಕೊಡ್ತೀರೋ ಇಲ್ಲ ಇಂಗೇ ಅಳ್ತಾ ಕುಂತಿರ್ತೀರೋ" ಎಂದು ಬೈದಳು.

ಇವತ್ತು ಸಂಜೆಯೂ ಪಕ್ಕದ ಮನೆಯ ಬತ್ತಿಯ ವಾಸನೆ ಬಂತು. ನಾನು ಏಳುವಷ್ಟರಲ್ಲಿ ಚೈತ್ರಳೇ ಓಡಿಹೋಗಿ ಕಿಟಕಿ ಹಾಕಿದಳು. ಅವಳು ತೊಟ್ಟಿಲಿನ ಹತ್ತಿರ ಹೋಗಿ, ಕೂಸಿನ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿದಳು.

ನಿಮ್ಮಲ್ಲಿ ಯಾರಾದರೂ ಹೆಮ್ಮಿಗೆಯ ಕಡೆ ಹೋದರೆ, ಮಳೆ ಹನಿಯುವಾಗ ಟೀ ಅಂಗಡಿಯಲ್ಲಿ ಯಾರಾದರೂ ಆ ಹಳೇ ಮಾತು ತೆಗೆದು ನಕ್ಕರೆ, ನನ್ನ ಪರವಾಗಿ ಒಂದು ಮಾತು ಹೇಳಿಬಿಡಿ. ನಮ್ಮವ್ವ ಗೌರಮ್ಮ ತಾನು ಬದುಕಿದ್ದಷ್ಟು ದಿನವೂ, ಒಂದೇ ಒಂದು ಹೊತ್ತೂ, ಜೀವವಿರುವ ಹುಳಕ್ಕೆ ಒದ್ದೆ ಸೊಪ್ಪು ಹಾಕಿದವಳಲ್ಲ.